ಗುಂಡಿ ಅವರದು, ಅಂಚು ನಮ್ಮದು



ಪಕ್ಕದ ಹೊಲದವನು ಒಂದು ಮೊಳ ಬದು ಒತ್ತಿ ಉತ್ತರೆ ನಾವು ಸುಮ್ಮನಿರುತ್ತೇವೆಯೇ? ಸರ್ವೆಯವರನ್ನು ಕರೆಸಿ, ಕಲ್ಲು ನೆಡಿಸಿ, ಬೇಕಾದರೆ ಕೋರ್ಟಿನ ಮೆಟ್ಟಿಲೂ ಹತ್ತುತ್ತೇವೆ. ಅದೇ ಬದುವಿನ ಆಚೆ ನೂರು ಅಡಿ ಆಳಕ್ಕೆ ಕಲ್ಲುಗಣಿ ತೋಡುತ್ತಿದ್ದರೆ, "ಅವರ ಗಡಿಯೊಳಗೆ ಅವರು ತೋಡಿಕೊಳ್ತಾರೆ, ನಮಗೇನು?" ಅಂತ ಸುಮ್ಮನಾಗುತ್ತೇವೆ. ನಮಗೇನು ಅನ್ನೋದನ್ನೇ ಈ ಸಲ ಲೆಕ್ಕ ಹಾಕಿ ನೋಡೋಣ.

ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ. ಕಣದಲ್ಲಿ ರಾಗಿ ರಾಶಿ ಹಾಕಿದವರಿಗೆಲ್ಲ ಗೊತ್ತು: ರಾಶಿ ಒಂದು ಇಳಿಜಾರಿಗೆ ಬಂದು ನಿಲ್ಲುತ್ತೆ. ಬುಡದಲ್ಲಿ ಎರಡು ಮೊರ ಬಾಚಿದರೆ ಮೇಲಿನದು ತಾನಾಗಿ ಜಾರಿ ಬರುತ್ತೆ. ಬಾವಿ ತೋಡಿಸಿದವರಿಗೆ ಗೊತ್ತು: ಮೇಲಿನ ಮಣ್ಣಿನ ಭಾಗವನ್ನು ಅಗಲ ಬಿಟ್ಟು ಕಲ್ಲು ಕಟ್ಟಿಸದಿದ್ದರೆ ಮೊದಲ ಮಳೆಗೇ ದಡ ಒಳಗೆ ಬೀಳುತ್ತೆ. ಗಣಿಯೂ ಒಂದು ದೊಡ್ಡ ಬಾವಿಯೇ. ಬಾವಿ ತೋಡುವಾಗ ನಮಗಿದ್ದ ಬುದ್ಧಿ ಗಣಿಯ ಮುಂದೆ ಎಲ್ಲಿ ಹೋಯಿತು?

"ಇದು ಕರಿಬಂಡೆ, ಅಲ್ಲಾಡೋದಿಲ್ಲ" ಅಂತಾರೆ ಗಣಿಯವರು. ಒಳ್ಳೆ ಗಟ್ಟಿ ಬಂಡೆ ನೂರು ಅಡಿ ನೆಟ್ಟಗೆ ನಿಂತೀತು, ಇಲ್ಲ ಅನ್ನೋದಿಲ್ಲ. ಆದರೆ ಬಂಡೆ ಒಂದೇ ತುಂಡಲ್ಲ. ಅದರಲ್ಲಿ ಪದರವಿದೆ, ಸೀಳಿದೆ. ಆ ಪದರ ಗುಂಡಿಯ ಕಡೆಗೆ ಓರೆಯಾಗಿದ್ದರೆ, ಬುಡ ಕಡಿದ ದಿನದಿಂದಲೇ ಮೇಲಿನ ಬಂಡೆ ಜಾರಲು ಕಾದಿರುತ್ತೆ. ಸಿಡಿಮದ್ದು ಹೊಡೆದಾಗಲೆಲ್ಲ ಸೀಳು ಸಡಿಲವಾಗುತ್ತೆ. ಮಳೆಗಾಲದಲ್ಲಿ ಅದೇ ಸೀಳಿನಲ್ಲಿ ನೀರು ತುಂಬುತ್ತೆ. 10 ಮೀಟರ್ ಎತ್ತರ ನಿಂತ ನೀರು ತಳದಲ್ಲಿ ಒಂದು ಚದರ ಮೀಟರಿಗೆ 10 ಟನ್ ಭಾರದಷ್ಟು ಒತ್ತುತ್ತೆ. ಕೆರೆ ಏರಿ ಒಡೆಯುವುದೂ ನೀರಿನ ಬಲದಿಂದಲೇ ಅಲ್ಲವೇ?

ಸರ್ಕಾರಕ್ಕೆ ಇದು ತಿಳಿಯದ್ದಲ್ಲ. 1961ರ ಲೋಹಗಣಿ ನಿಯಮಾವಳಿಯಲ್ಲೇ ಬರೆದಿಟ್ಟರು: ಮಣ್ಣು, ಮೊರಂ ಇರುವ ಕಡೆ ಇಳಿಜಾರು 45 ಡಿಗ್ರಿ ಮೀರಬಾರದು, ಇಲ್ಲವೇ ಒಂದೂವರೆ ಮೀಟರಿಗೊಂದು ಮೆಟ್ಟಿಲು ಬಿಡಬೇಕು. ಗಟ್ಟಿ ನೆಲದಲ್ಲೂ ಮೆಟ್ಟಿಲಿನ ಎತ್ತರ 6 ಮೀಟರ್ ದಾಟಬಾರದು. ಅಂಚಿನಿಂದ 3 ಮೀಟರ್ ಒಳಗೆ ಮರ, ಸಡಿಲ ಕಲ್ಲು, ಕಸಮಣ್ಣು ಇರಬಾರದು. ರೈಲು ಹಳಿ, ಸಾರ್ವಜನಿಕ ರಸ್ತೆ, ಕಟ್ಟಡಗಳಿಂದ 45 ಮೀಟರ್ ಒಳಗೆ ಅನುಮತಿಯಿಲ್ಲದೆ ತೋಡಬಾರದು. ಸರಿ, ನಮ್ಮ ಹೊಲಕ್ಕೆ? ಗಣಿಯ ಗಡಿಯಿಂದ ಏಳೂವರೆ ಮೀಟರ್ ಬಿಟ್ಟರೆ ಸಾಕು! ರಸ್ತೆಗೆ 150 ಅಡಿ, ಅನ್ನ ಬೆಳೆಯುವ ನೆಲಕ್ಕೆ 25 ಅಡಿ.

ಈಗ ಲೆಕ್ಕ ಹಾಕಿ. ನಿಮ್ಮ ಬದುವಿನಿಂದ 25 ಅಡಿ ಬಿಟ್ಟು, ಮೆಟ್ಟಿಲೇ ಇಲ್ಲದೆ ನೂರು ಅಡಿ ನೆಟ್ಟಗೆ ಕಡಿದಿದ್ದಾರೆ ಅನ್ನಿ. ಆ ಗೋಡೆ ಕುಸಿದು 60 ಡಿಗ್ರಿ ಇಳಿಜಾರಿಗೆ ನಿಂತರೂ ಅಂಚು 58 ಅಡಿ ಹಿಂದಕ್ಕೆ ಬರುತ್ತೆ. 25 ಅಡಿ ಅವರದು ಹೋಯಿತು, ಉಳಿದ 33 ಅಡಿ ನಿಮ್ಮದು. ಬದುವಿನ ಉದ್ದ 200 ಅಡಿ ಇದ್ದರೆ ಆರು ಗುಂಟೆ ನೆಲ ಗುಂಡಿಯ ಪಾಲು. ನೆಲ ಕುಸಿದರೂ ಪಹಣಿ ಕುಸಿಯೋದಿಲ್ಲ, ಅದರ ಮೇಲೆ ಎತ್ತಿದ ಸಾಲವೂ ಕುಸಿಯೋದಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಆ ಆರು ಗುಂಟೆ ಹಾಗೇ ಇರುತ್ತೆ, ಬಡ್ಡಿಯೂ ಓಡುತ್ತಿರುತ್ತೆ.

ಹೆದರಿಸೋಕೆ ಹೇಳ್ತಿಲ್ಲ. 2016ರ ಡಿಸೆಂಬರಿನಲ್ಲಿ ಜಾರ್ಖಂಡಿನ ರಾಜಮಹಲ್ ಕಲ್ಲಿದ್ದಲು ಗಣಿಯಲ್ಲಿ ಮಣ್ಣು ಜಾರಿ 23 ಕೆಲಸಗಾರರು ಸತ್ತರು. 2022ರ ಮಾರ್ಚಿನಲ್ಲಿ ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗುಡ್ಡವೇ ಕುಸಿದು ಕೂಲಿಯವರು ಬಂಡೆಯಡಿ ಸಿಕ್ಕಿದರು. ಅಮೆರಿಕದ ಬಿಂಗಮ್ ತಾಮ್ರದ ಗಣಿಯಲ್ಲಿ 2013ರ ಏಪ್ರಿಲಿನಲ್ಲಿ ಇವೆಲ್ಲಕ್ಕಿಂತ ಎಷ್ಟೋ ದೊಡ್ಡ ಕುಸಿತವಾಯಿತು, ಒಂದು ಜೀವವೂ ಹೋಗಲಿಲ್ಲ. ಅಲ್ಲಿ ನೆಲದ ಚಲನೆಯನ್ನು ಮೊದಲಿಂದಲೇ ಅಳೆಯುತ್ತಿದ್ದರು, ಜನರನ್ನು ಮುಂಚೆಯೇ ಹೊರಗೆ ಕಳಿಸಿದ್ದರು. ನೆಲ ಹೇಳದೆ ಬೀಳೋದು ಅಪರೂಪ. ಕೇಳುವವರಿರಬೇಕು ಅಷ್ಟೆ.

ನಮ್ಮೂರ ಪಕ್ಕದ ಕ್ವಾರಿಯ ಅಂಚಿನಲ್ಲಿ ಒಬ್ಬ ರೈತನ ಹೊಲದೊಳಗೆ ಮಳೆ ಬಿದ್ದ ಮೇಲೆ ಉದ್ದಕ್ಕೆ ಬಿರುಕು ಕಂಡಿತು. ಆತ ಮಣ್ಣು ಎಳೆದು ಮುಚ್ಚಿ, ಮೇಲೆ ನೇಗಿಲು ಹೊಡೆದ. ಕೇಳಿದರೆ, "ಬಿರುಕು ಐತೆ ಅಂದ್ರೆ ನಾಳೆ ಹೊಲ ಯಾರು ತಗೋತಾರಣ್ಣ?" ಅಂದ. ಅವನ ಸಂಕಟ ನನಗೆ ಅರ್ಥವಾಗುತ್ತೆ. ಆದರೆ ಮುಚ್ಚಿದ ಬಿರುಕು ಕಾಣೋದಿಲ್ಲವೇ ಹೊರತು ಮಾಯವಾಗೋದಿಲ್ಲ.

ಹಾಗಾದರೆ ಏನು ಮಾಡಬೇಕು? ಅಂಚಿಗೆ ಸಮನಾಗಿ ಬಿರುಕು ಕಂಡರೆ ಅದರ ಎರಡೂ ಕಡೆ ಗೂಟ ಹೊಡೆದು, ನಡುವಿನ ಅಳತೆಯನ್ನು ತಾರೀಖಿನ ಸಮೇತ ಬರೆದಿಡಿ. ಆಮೇಲೆ ಜೇಡಿಮಣ್ಣಿನಿಂದ ಮುಚ್ಚಿ, ಹೊಲದ ನೀರು ಅತ್ತ ಹೋಗದಂತೆ ಕಾಲುವೆ ತಿರುಗಿಸಿ. ದಿನದಿಂದ ದಿನಕ್ಕೆ ಅಳತೆ ಹೆಚ್ಚುತ್ತಿದ್ದರೆ, ಕಲ್ಲು ಉದುರುತ್ತಿದ್ದರೆ, ಮರ ವಾಲುತ್ತಿದ್ದರೆ ಅಳೆಯೋಕೂ ಹೋಗಬೇಡಿ. ದನ, ಮಕ್ಕಳನ್ನು ಆ ಕಡೆ ಬಿಡಬೇಡಿ. ಅದೇ ದಿನ ತಹಸೀಲ್ದಾರರಿಗೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಬರೆದು ಕೊಟ್ಟು, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಕಾಲಿಲ್ಲ.

ಹೊಸ ಗಣಿ ಬರುವ ಕಡೆ "ನಮ್ಮ ಅಭ್ಯಂತರವಿಲ್ಲ" ಅಂತ ಹೆಬ್ಬೆಟ್ಟು ಒತ್ತುವ ಮುಂಚೆ ಗಣಿ ಯೋಜನೆಯ ಅಡ್ಡಸೀಳಿನ ನಕ್ಷೆ ಕೇಳಿ. ಕೊನೆಗೆ ಎಷ್ಟು ಆಳ, ಮೆಟ್ಟಿಲು ಎಷ್ಟು ಎತ್ತರ ಎಷ್ಟು ಅಗಲ, ನಿಮ್ಮ ಬದುವಿಗೆ ಎಷ್ಟು ದೂರ? ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ.

ನಮ್ಮ ಒತ್ತಾಯ ಒಂದೇ. ಬಿಡುವ ದೂರ ಎಲ್ಲ ಗುಂಡಿಗೂ ಒಂದೇ ಅಳತೆಯಾಗಬಾರದು. ಗುಂಡಿ ಎಷ್ಟು ಆಳ, ಬಂಡೆ ಎಂಥದ್ದು ಅಂತ ನೋಡಿ ದೂರ ಗೊತ್ತುಮಾಡಬೇಕು. ಆಳಕ್ಕೆ ಇಳಿದಷ್ಟೂ ಹಿಂದಕ್ಕೆ ಸರಿಯಬೇಕು. ನೆಲ ಕುಸಿದರೆ ನಷ್ಟ ಮಾತ್ರವಲ್ಲ, ಆ ನೆಲದ ಮೇಲಿನ ಸಾಲವನ್ನೂ ಗಣಿಯವರೇ ತೀರಿಸಬೇಕು. ಕಲ್ಲಿನ ಲಾಭ ಅವರಿಗೆ, ಕುಸಿತದ ಬಡ್ಡಿ ನಮಗೆ ಅನ್ನೋ ನ್ಯಾಯ ಯಾವ ಊರಿನದು?