ಸೋಪು ಮೆತ್ತಿದ ಪೈಪು

ನಮ್ಮ ರಾಮಥಾಳದ ಕಡೆ ಪಂಪ್‌ಸೆಟ್ಟಿನ ಡೀಸೆಲ್ ಪೈಪು ಸೋರಿದರೆ ಮೊದಲ ಔಷಧಿ ಬಟ್ಟೆ ಸೋಪು. ಮೆತ್ತಿ, ಮೇಲೊಂದು ಚಿಂದಿ ಸುತ್ತಿದರೆ ಆಯ್ತು! ಡೀಸೆಲ್‌ಗೆ ಸೋಪು ಕರಗೋದಿಲ್ಲ. ನಾನೂ ಎಷ್ಟೋ ಸಲ ಮಾಡಿದ್ದೇನೆ.

ಮೊನ್ನೆ ಕೃಷ್ಣೆಯ ಹಿನ್ನೀರಿನಲ್ಲಿ ಒಂದು ಮೋಟಾರು ದೋಣಿ ಹತ್ತಿದೆ. ಅಲ್ಲೂ ಅದೇ ಸೋಪು! ಕೇಳಿದರೆ, "ಏನೂ ಆಗಂಗಿಲ್ರೀ, ದಿನಾ ನಡೀತೈತಿ" ಅಂದರು.

ಇದು ತಪ್ಪು ಅನ್ನೋದು ನನ್ನ ಅಭಿಪ್ರಾಯ. ಪಂಪ್‌ಸೆಟ್ಟಿನ ಟ್ಯಾಂಕು ಮೇಲಿರುತ್ತೆ, ಸೋರಿದರೆ ಹನಿ ಕಾಣುತ್ತೆ. ದೋಣಿಯಲ್ಲಿ ಎಷ್ಟೋ ಸಲ ಟ್ಯಾಂಕು ಕೆಳಗೆ. ಪಂಪು ಎಳೆದಾಗ ಬಿರುಕಿನಿಂದ ಗಾಳಿ ಒಳಗೆ ಹೋಗಿ ಇಂಜಿನ್ ನಡುನೀರಿನಲ್ಲಿ ನಿಲ್ಲುತ್ತೆ. ಮೇಲಾಗಿ ಸೋಪು ನೀರಿಗೆ ಕರಗುತ್ತಲ್ಲ! ಪೆಟ್ರೋಲ್ ಇಂಜಿನ್ನಾದರೆ ಇನ್ನೂ ಅಪಾಯ: ಅದರ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂತುಬಿಡುತ್ತೆ. ಒಂದು ಕಿಡಿ ಸಾಕು.

ಮಾಡಬೇಕಾದ್ದು ಇಷ್ಟೇ: ಬಿರುಕು ಬಿಟ್ಟ ಪೈಪು, ಸವೆದ ತಾಮ್ರದ ವಾಷರ್ ಬದಲಿಸಿ, ಕ್ಲಿಪ್ ಬಿಗಿಯೋದು. ಡೀಸೆಲ್ ಇಂಜಿನ್ನಾದರೆ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲೋ ತನಕ ಗಾಳಿ ತೆಗೆಯೋದು.

ಹೊಲದಲ್ಲಿ ಇಂಜಿನ್ ನಿಂತರೆ ನಡೆದು ಮನೆಗೆ ಬರಬಹುದು. ಹೊಳೆಯಲ್ಲಿ ನಿಂತರೆ...?

ನೀವೇನಂತೀರಿ?