ಮೈಸೂರು–ಬೀದರು: ಅಂತರವೆಷ್ಟು?

ಕನ್ನಡನಾಡು 1956ರ ನವೆಂಬರ್ 1ರಂದು ಒಂದೇ ಆಡಳಿತದ ಕೆಳಗೆ ಬಂದಿತು. ಆದರೆ ಅದರ ಎರಡು ತುದಿಗಳಲ್ಲಿರುವ ಮೈಸೂರಿಗೂ ಬೀದರಿಗೂ ಇರುವ ದೂರವೆಷ್ಟೆಂದು ಕೇಳಿದರೆ ಇಂದಿಗೂ ಒಂದೇ ಉತ್ತರ ದೊರೆಯಲಾರದು. ಭೂಪಟದ ಮೇಲೆ ನೇರವಾಗಿ ಗೆರೆಯೆಳೆದರೆ ಸುಮಾರು 635 ಕಿಲೋಮೀಟರು; ರಸ್ತೆಯ ಮಾರ್ಗವಾಗಿ ಸುಮಾರು 800 ಕಿಲೋಮೀಟರು. ಪ್ರಯಾಣಿಕನಿಗೆ ಬೇಕಾದುದು ಇವೆರಡೂ ಅಲ್ಲ. ಮನೆಯ ಬಾಗಿಲಿನಿಂದ ಹೊರಟು ಕಾರ್ಯಸ್ಥಾನವನ್ನು ಮುಟ್ಟಲು ಎಷ್ಟು ಗಂಟೆ ಹಿಡಿಯುತ್ತದೆಂಬುದೇ ಅವನ ಲೆಕ್ಕ.

ಎರಡು ಊರುಗಳಲ್ಲಿಯೂ ವಿಮಾನ ನಿಲ್ದಾಣಗಳಿವೆ. ಮೈಸೂರಿನ ಮಂಡಕಳ್ಳಿಯ ರನ್‌ವೇ 1,740 ಮೀಟರು ಉದ್ದದ್ದು. ದೊಡ್ಡ ಜೆಟ್ ವಿಮಾನಗಳಿಗೆ ಅದು ಸಾಲದಾದರೂ ಎಪ್ಪತ್ತು ಜನರನ್ನು ಹೊರುವ ಎಟಿಆರ್ ವಿಮಾನಗಳಿಗೆ ಸಾಕಾಗುತ್ತದೆ. ಬೀದರಿನಲ್ಲಿ ವಾಯುಸೇನೆಯ ನೆಲೆಯೇ ಇದ್ದು, 2020ರಿಂದ ಅಲ್ಲಿ ನಾಗರಿಕ ಪ್ರಯಾಣಕ್ಕೆ ಅವಕಾಶವಾಗಿದೆ. ಗಂಟೆಗೆ ಸುಮಾರು 500 ಕಿಲೋಮೀಟರು ಸಾಗುವ ಎಟಿಆರ್ ವಿಮಾನವು ಏರುವ, ಇಳಿಯುವ ಹೊತ್ತನ್ನೂ ಸೇರಿಸಿಕೊಂಡು ಒಂದೂವರೆ ಗಂಟೆಯ ಸುಮಾರಿಗೆ ಈ ದೂರವನ್ನು ಕ್ರಮಿಸಬಲ್ಲುದು. ನಿಲ್ದಾಣಕ್ಕೆ ಹೋಗುವ, ಕಾಯುವ ವೇಳೆಯನ್ನು ಕೂಡಿಸಿದರೂ ನಾಲ್ಕು ಗಂಟೆ ಮೀರದು.

ಆದರೆ ನೇರವಾದ ವಿಮಾನವಿಲ್ಲದಿದ್ದರೆ ಈ ಗಣಿತವೆಲ್ಲ ಕಾಗದದ ಮೇಲಿನದೇ ಸರಿ. ಆಗ ಮೈಸೂರಿನವನು ಮೊದಲು ಸುಮಾರು 180 ಕಿಲೋಮೀಟರು ರಸ್ತೆಯಲ್ಲಿ ಸಾಗಿ ದೇವನಹಳ್ಳಿಯನ್ನು ಸೇರಬೇಕು. ಅಲ್ಲಿ ಕಾದು, ಬೀದರಿನ ವಿಮಾನವನ್ನು ಹಿಡಿಯಬೇಕು. ಆಕಾಶದಲ್ಲಿ ಕಳೆಯುವುದು ಒಂದು ಗಂಟೆಗೆ ತುಸು ಮೇಲೆ. ನೆಲದ ಮೇಲೆ ಕಳೆಯುವುದು ಆರು ಗಂಟೆ. ಆ ವಿಮಾನವು ತಪ್ಪಿದರೆ ಮರುದಿನದ ಗತಿಯೇ ಗತಿ! ಬೀದರು–ಬೆಂಗಳೂರು ಸೇವೆಯೇ ನಡುವೆ ನಿಂತುಹೋಗಿ 2025ರಲ್ಲಿ ಪುನಃ ಆರಂಭವಾದುದನ್ನು ಆ ಭಾಗದ ಜನರು ಮರೆತಿಲ್ಲ.

ಪ್ರಯಾಣಿಕರು ಸಾಲದೆಂಬುದು ಕಂಪನಿಗಳ ವಾದ. ಅದನ್ನು ಕೇವಲ ನೆಪವೆಂದು ತಳ್ಳಿಹಾಕಲಾಗದು. ಖಾಲಿ ಕುರ್ಚಿಗಳನ್ನು ಹೊತ್ತು ಯಾರೂ ಬಹುಕಾಲ ಹಾರಲಾರರು. ಇದಕ್ಕೆಂದೇ ಕೇಂದ್ರ ಸರ್ಕಾರದ ಉಡಾನ್ ಯೋಜನೆಯು ಮೂರು ವರ್ಷಗಳವರೆಗೆ ನಷ್ಟಭರ್ತಿಯ ಏರ್ಪಾಡನ್ನು ಮಾಡಿತು. ಆದರೆ ಇಂದು ಇದ್ದು ನಾಳೆ ನಿಲ್ಲಬಹುದಾದ ಸೇವೆಯನ್ನು ನಂಬಿ ಯಾರು ತಮ್ಮ ಕಾರ್ಯಕ್ರಮವನ್ನು ಗೊತ್ತುಮಾಡಿಕೊಂಡಾರು? ಜನರಿಲ್ಲವೆಂದು ವಿಮಾನವಿಲ್ಲ, ವಿಮಾನವಿಲ್ಲವೆಂದು ಜನರಿಲ್ಲ. ಈ ಸುಳಿಯಿಂದ ಪಾರುಮಾಡುವುದು ಸರ್ಕಾರದ ಕರ್ತವ್ಯ.

ದೂರವು ಆಡಳಿತಕ್ಕೆ ಅಡ್ಡಿಯೆಂಬುದನ್ನು ಸರ್ಕಾರವು ಅರಿಯದೆ ಇಲ್ಲ. ಹೈಕೋರ್ಟಿನ ಸಂಚಾರಿ ಪೀಠಗಳು 2008ರಲ್ಲಿ ಧಾರವಾಡ, ಕಲಬುರಗಿಗಳಿಗೆ ಬಂದುದು ಆ ಕಾರಣದಿಂದಲೇ. ಬೀದರಿನಲ್ಲಿ ಕೇಂದ್ರವುಳ್ಳ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿದೆ. ಇಂತಹ ಸಂಸ್ಥೆಗಳ ನೌಕರರೂ ವಿದ್ಯಾರ್ಥಿಗಳೂ ವರ್ತಕರೂ ನಾಡಿನ ಉದ್ದಗಲಕ್ಕೆ ಸಂಚರಿಸಲೇಬೇಕು.

ನಾವು ಪ್ರತಿದಿನದ ಸೇವೆಯನ್ನು ಕೇಳುತ್ತಿಲ್ಲ. ವಾರಕ್ಕೆ ಎರಡು ದಿನ ಸಾಕು. ಆದರೆ ಅದು ನಿಶ್ಚಿತವಾಗಿರಲಿ. ಅದು ಆಗುವವರೆಗೆ ಮೈಸೂರಿನಿಂದ ದೇವನಹಳ್ಳಿಗೆ ಬರುವ ಬಸ್ಸುಗಳ ವೇಳೆಯನ್ನಾದರೂ ಬೀದರಿನ ವಿಮಾನಕ್ಕೆ ಹೊಂದಿಸಲಿ. ಇದಕ್ಕೆ ಹಣಕ್ಕಿಂತ ಮನಸ್ಸು ಮುಖ್ಯ. ನಿಲ್ದಾಣಗಳನ್ನು ಕಟ್ಟಿದ ಮಾತ್ರಕ್ಕೆ ಅಂತರವು ಕಡಿಮೆಯಾಗುವುದಿಲ್ಲ. ಬೀದರಿನ ಪ್ರಜೆಯು ಬೆಳಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮೈಸೂರನ್ನು ಸೇರುವಂತಾದಾಗಲೇ ಈ ನಿಲ್ದಾಣಗಳಿಗೆ ಮಾಡಿದ ವೆಚ್ಚವು ಸಾರ್ಥಕವಾದೀತು.