ಒಂದೇ ಆಜ್ಞೆಯಲ್ಲಿ ಕಟ್ಟುವ ವಿದ್ಯೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುತ್ತಿದ್ದಾರೆ. ಗೃಹಪ್ರವೇಶಕ್ಕೋ ಶಿವಗಣಾರಾಧನೆಗೋ ಊರಿಗೆ ಬಂದವರು, ಪಂಕ್ತಿಯಲ್ಲಿ ಕುಳಿತಿರುವಾಗಲೇ ದೂರವಾಣಿ ಬಂದಿತೆಂದು ಎದ್ದು ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುವುದನ್ನು ಕಂಡು ಹಿರಿಯರು ಬೇಸರಿಸುತ್ತಾರೆ. ಅಲ್ಲಿ ಬೇರೆ ಯಾರೂ ಇಲ್ಲವೇ ಎಂದು ಅವರು ಕೇಳುವುದು ನ್ಯಾಯವಾಗಿಯೇ ಇದೆ. ಜನರೇನೋ ಇದ್ದಾರೆ; ಆದರೆ ಅನೇಕ ಕಡೆ ಕೆಲಸದ ಕ್ರಮವು ಒಬ್ಬನ ತಲೆಯಲ್ಲಿ ಮಾತ್ರ ಇರುತ್ತದೆ. ಆ ಕ್ರಮವನ್ನು ತಲೆಯಿಂದ ಇಳಿಸಿ ಗಣಕಕ್ಕೆ ಒಪ್ಪಿಸುವ ವಿದ್ಯೆಯೊಂದಿದೆ. ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ತಂತ್ರಾಂಶವೆಂಬುದು ಬರೆದ ಕೂಡಲೇ ಬಳಕೆಗೆ ಬರುವ ವಸ್ತುವಲ್ಲ. ಮನುಷ್ಯನು ಬರೆದ ಮೂಲಪಾಠವನ್ನು ಕಂಪೈಲರ್ ಎಂಬ ಸಾಧನವು ಯಂತ್ರಭಾಷೆಗೆ ತಿರುಗಿಸಬೇಕು, ಬಿಡಿಭಾಗಗಳನ್ನು ಒಂದಕ್ಕೊಂದು ಜೋಡಿಸಬೇಕು, ಪರೀಕ್ಷಿಸಬೇಕು, ಕೊನೆಗೆ ಬಳಸುವವರಿಗೆ ಒಪ್ಪುವಂತೆ ಕಟ್ಟಿಡಬೇಕು. ಇದಕ್ಕೆ ಬಿಲ್ಡ್ ಎನ್ನುತ್ತಾರೆ. ಮಾಲೂರಿನ ಹೆಂಚನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಮಣ್ಣನ್ನು ಕಲಸಿ, ಅಚ್ಚಿಗೆ ಒತ್ತಿ, ನೆರಳಲ್ಲಿ ಒಣಗಿಸಿ ಆಮೇಲೆ ಸುಡಬೇಕು. ಹಸಿಯದನ್ನೇ ಗೂಡಿಗೆ ಹಾಕಿದರೆ ಸೀಳುತ್ತದೆ. ಬಿಲ್ಡ್‌ನಲ್ಲಿಯೂ ಅಷ್ಟೆ: ಒಂದು ಹೆಜ್ಜೆ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬವರು ‘ಮೇಕ್’ ಎಂಬ ಉಪಕರಣವನ್ನು ರಚಿಸಿದರು. ಅದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಅವರ ಸಹೋದ್ಯೋಗಿಯೊಬ್ಬರು ಒಂದು ಇಡೀ ಬೆಳಗಿನ ಹೊತ್ತು ತಪ್ಪು ಹುಡುಕುತ್ತ ಕಳೆದರಂತೆ. ತಪ್ಪನ್ನು ಮೊದಲೇ ತಿದ್ದಿಯಾಗಿತ್ತು. ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡುವುದಷ್ಟೇ ಮರೆತುಹೋಗಿತ್ತು. ಮೇಕ್ ಮಾಡುವುದು ಇಷ್ಟೇ: ಯಾವ ವಸ್ತು ಯಾವುದನ್ನು ಅವಲಂಬಿಸಿದೆ, ಯಾವ ಆಜ್ಞೆಯಿಂದ ಸಿದ್ಧವಾಗುತ್ತದೆ ಎಂಬುದನ್ನು ಮೇಕ್‌ಫೈಲ್‌ನಲ್ಲಿ ಬರೆದಿಟ್ಟರೆ, ಕಡತಗಳ ಕಾಲಮುದ್ರೆಯನ್ನು ಹೋಲಿಸಿ, ಬದಲಾದುದಕ್ಕೆ ಸಂಬಂಧಿಸಿದ್ದನ್ನು ಮಾತ್ರ ಹೊಸದಾಗಿ ಕಟ್ಟುತ್ತದೆ. ಒಂದು ಹೆಂಚು ಒಡೆದರೆ ಇಡೀ ಗೂಡನ್ನು ಮತ್ತೆ ಸುಡುವುದಿಲ್ಲವಷ್ಟೆ! ಆಜ್ಞೆಯ ಸಾಲು ಟ್ಯಾಬ್ ಗುರುತಿನಿಂದಲೇ ಆರಂಭವಾಗಬೇಕೆಂಬ ಅದರ ನಿಯಮ ಇಂದಿಗೂ ಹೊಸಬರನ್ನು ಅಳಿಸುತ್ತದೆ. ಆಗ ಬಳಸುತ್ತಿದ್ದ ಹತ್ತುಹನ್ನೆರಡು ಮಂದಿಗೆ ತೊಂದರೆಯಾಗಬಾರದೆಂದು ಫೆಲ್ಡ್‌ಮನ್ ಅದನ್ನು ಬದಲಿಸದೆ ಬಿಟ್ಟರು. ಆ ದಾಕ್ಷಿಣ್ಯದ ಫಲವನ್ನು ಜಗತ್ತೇ ಉಣ್ಣುತ್ತಿದೆ.

ನಮ್ಮ ಸಮಾಜಕ್ಕೆ ಹತ್ತಿರವಾದ ಉದಾಹರಣೆಯೂ ಒಂದಿದೆ. ಸಮಗ್ರ ವಚನ ಸಂಪುಟದ 15 ಸಂಪುಟಗಳು 1993ರಲ್ಲಿ ಸರ್ಕಾರದಿಂದ ಪ್ರಕಟವಾದುವು. ‘ಸಂಚಯ’ ಎಂಬ ತಂಡದವರು 2013ರಲ್ಲಿ ‘ವಚನ ಸಂಚಯ’ವನ್ನು ರೂಪಿಸಿ, 20,000ಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕುವಂತೆ ಮಾಡಿದರು. ಇಂಥ ಕೆಲಸಕ್ಕೆ ಪಠ್ಯವು ಯೂನಿಕೋಡ್‌ನಲ್ಲಿರಬೇಕು. ಹಿಂದಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪಠ್ಯವು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತದೆ. ‘ಧರ್ಮ’ ಎಂಬಲ್ಲಿ ಅರ್ಕಾವೊತ್ತು ಮಕಾರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿಯೋ ಉಚ್ಚಾರದ ಕ್ರಮ, ರೇಫವು ಮಕಾರಕ್ಕಿಂತ ಮೊದಲು. ಆದ್ದರಿಂದ ಪರಿವರ್ತಕವು ಪ್ರತಿಯೊಂದು ಅರ್ಕಾವೊತ್ತನ್ನೂ ಹಿಂದಕ್ಕೆ ಸರಿಸಿ ಕೂಡಿಸಬೇಕಾಗುತ್ತದೆ.

ಮಠಗಳ, ಸಂಘಗಳ, ಸಣ್ಣ ಪ್ರಕಾಶಕರ ಹಳೆಯ ಗಣಕಗಳಲ್ಲಿ ಇಂಥ ಕಡತಗಳು ಇರಬಹುದಾದುದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಪರಿವರ್ತಿತವಾದ ಪಠ್ಯದಲ್ಲಿ ತಪ್ಪು ಕಂಡೊಡನೆ ಅದನ್ನೇ ಕೈಯಿಂದ ತಿದ್ದಲು ಕೂರುವುದು ಸಹಜ. ಆದರೆ ಮುಂದಿನ ಸಲ ಪರಿವರ್ತನೆ ನಡೆದಾಗ ಆ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ. ತಪ್ಪು ಬೆರಳಚ್ಚಿನದಾದರೆ ಮೂಲ ಕಡತದಲ್ಲಿ, ನಿಯಮದ್ದಾದರೆ ಪರಿವರ್ತಕದಲ್ಲಿ ತಿದ್ದಬೇಕು. ಮೇಕ್‌ಫೈಲ್‌ನ ಅವಲಂಬನೆಯ ಸಾಲಿನಲ್ಲಿ ಪರಿವರ್ತಕದ ಹೆಸರನ್ನೂ ಸೇರಿಸಿರಬೇಕು. ಆಗ ಒಂದು ನಿಯಮವನ್ನು ಸರಿಪಡಿಸಿ ಒಂದು ಆಜ್ಞೆ ಕೊಟ್ಟರೆ, ಎಲ್ಲ ಸಂಪುಟಗಳೂ ಹೊಸದಾಗಿ ಸಿದ್ಧವಾಗುತ್ತವೆ. ಶರಣರ ಒಂದು ಪದ ಒಂದು ಕಡೆ ಸರಿಯಾಗಿ, ಇನ್ನೊಂದು ಕಡೆ ವಿಕಾರವಾಗಿ ಮೊಮ್ಮಕ್ಕಳ ಕೈ ಸೇರುವುದು ತಪ್ಪುತ್ತದೆ.

ಎಲ್ಲವನ್ನೂ ಯಂತ್ರವೇ ಮಾಡಿದರೆ ಕಾಯಕವೆಲ್ಲಿ ಉಳಿಯಿತು ಎನ್ನುವವರುಂಟು. ನಿಯಮವನ್ನು ತಪ್ಪಿಲ್ಲದೆ ಬರೆಯುವುದೇ ಕಾಯಕವೆಂದು ನಮ್ಮ ಅಭಿಪ್ರಾಯ. ಇಪ್ಪತ್ತು ಆಜ್ಞೆಗಳನ್ನು ನಡುರಾತ್ರಿ ನೆನಪಿನಿಂದ ಒತ್ತುವುದು ಬರಿಯ ಆಯಾಸ.

ಇದನ್ನು ಕಲಿಸುತ್ತೇವೆಂದು ದೊಡ್ಡ ಶುಲ್ಕ ಕೇಳುವ ತರಬೇತಿ ಕೇಂದ್ರಗಳಿವೆ. ಅದಕ್ಕಾಗಿ ಜಮೀನಿನ ಮೇಲೆ ಸಾಲ ಮಾಡಬೇಡಿರೆಂದು ತಂದೆತಾಯಿಗಳಲ್ಲಿ ವಿನಂತಿ. ಗ್ನೂ ಮೇಕ್, 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಗಿಟ್, ಹಡ್ಸನ್ ಎಂಬ ಹೆಸರಿನಿಂದ ಹುಟ್ಟಿ 2011ರಲ್ಲಿ ಜೆಂಕಿನ್ಸ್ ಎನಿಸಿಕೊಂಡ ಸಾಧನ, ಇವೆಲ್ಲ ಉಚಿತವಾಗಿಯೇ ದೊರೆಯುತ್ತವೆ. ಲಿನಕ್ಸ್ ನಡೆಯುವ ಹಳೆಯ ಗಣಕವೊಂದಿದ್ದರೆ ಮುಳಬಾಗಿಲಿನ ಮನೆಯಲ್ಲೇ ಕುಳಿತು ಕಲಿಯಬಹುದು.

ಕಲಿಯುವವರು ಮೊದಲು ಕಾಗದ ಹಿಡಿದು, ಈಗ ಕೈಯಿಂದ ಮಾಡುತ್ತಿರುವ ಹೆಜ್ಜೆಗಳನ್ನೆಲ್ಲ ಕ್ರಮವಾಗಿ ಬರೆದುಕೊಳ್ಳಲಿ. ಅರ್ಧ ವಿದ್ಯೆ ಅಲ್ಲಿಯೇ ಇದೆ. ಬಳಿಕ ಎರಡು ಮೂರು ಕಡತಗಳ ಸಣ್ಣ ಕೆಲಸಕ್ಕೆ ಮೇಕ್‌ಫೈಲ್ ಬರೆಯಲಿ. ಮೂಲಪಾಠದ ಬದಲಾವಣೆಗಳನ್ನು ಗಿಟ್‌ನಲ್ಲಿ ಕಾಪಾಡುವುದು ರೂಢಿಯಾದ ಮೇಲೆ ಜೆಂಕಿನ್ಸ್‌ಗೆ ಕೈಹಾಕಬಹುದು. ಯಾರಾದರೂ ಬದಲಾವಣೆ ಸೇರಿಸಿದೊಡನೆ ಅದು ತಾನಾಗಿ ಕಟ್ಟಿ, ಪರೀಕ್ಷಿಸಿ, ಕೆಟ್ಟಿದ್ದರೆ ತಿಳಿಸುತ್ತದೆ. ಕಲಿತದ್ದು ನಿಜವೇ ಎಂದು ನೋಡಲು, ಏನನ್ನೂ ಸ್ಥಾಪಿಸದ ಬೇರೊಂದು ಗಣಕದಲ್ಲಿ, ಆ ಕೆಲಸವನ್ನರಿಯದ ಗೆಳೆಯನೊಬ್ಬನ ಕೈಯಿಂದ ಅದನ್ನು ಕಟ್ಟಿಸಬೇಕು. ಅವನು ಪ್ರಶ್ನೆ ಕೇಳಿದ ಕಡೆಯಲ್ಲೆಲ್ಲ ಒಂದು ಹೆಜ್ಜೆ ಇನ್ನೂ ಬರೆಯದೆ ಉಳಿದಿದೆ ಎಂದು ತಿಳಿಯಬೇಕು.